ಲಾಠಿಗೆ ಲೆಕ್ಕ ಬರೆಯುವವರು ಯಾರು?

ಹೊಸೂರು: 2023ರ ಫೆಬ್ರವರಿ 2ರಂದು ಹೊಸೂರು-ಕೃಷ್ಣಗಿರಿ ಹೆದ್ದಾರಿಯಲ್ಲಿ, ಶೂಲಗಿರಿ ಕಡೆಯ ಗೋಪಸಂದ್ರದ ಬಳಿ ಬೆಳಿಗ್ಗೆಯೇ ವಾಹನಗಳು ನಿಂತುಬಿಟ್ಟವು. ಬೆಂಗಳೂರಿಗೆ ಹೋಗಬೇಕಾದ ಬಸ್ಸು, ಚೆನ್ನೈಗೆ ಹೋಗಬೇಕಾದ ಲಾರಿ, ಕಾರ್ಖಾನೆ ಕೆಲಸಗಾರರ ವ್ಯಾನು ಎಲ್ಲವೂ ಸಾಲುಗಟ್ಟಿದವು. ತಮಿಳಿನಲ್ಲಿ ‘ಎರುದು ವಿಡುಂ ವಿಳಾ’ ಎನ್ನುವ ಎತ್ತು ಓಡಿಸುವ ಹಬ್ಬಕ್ಕೆ ಸೇರಿದ್ದ ಜನ, ಅನುಮತಿಯ ವಿಚಾರದಲ್ಲಿ ಕೆರಳಿ ರಸ್ತೆಗೆ ಇಳಿದಿದ್ದರು. ಗಂಟೆಗಟ್ಟಲೆ ರಸ್ತೆ ಬಿಡಲಿಲ್ಲ. ಕಲ್ಲು ಹಾರಿತು, ಬಸ್ಸಿನ ಗಾಜು ಪುಡಿಯಾಯಿತು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಇನ್ನೂರಕ್ಕೂ ಹೆಚ್ಚು ಮಂದಿಯನ್ನು ವಶಕ್ಕೆ ತೆಗೆದುಕೊಂಡರೆಂದು ಅಂದು ವರದಿಯಾಯಿತು.

ಆ ದಿನದ ಕುರಿತು ಊರುಗಳಲ್ಲಿ ಎರಡು ಬಗೆಯ ಮಾತು ಕೇಳುವುದು ಸಹಜ. ‘ರಸ್ತೆ ಅಡ್ಡ ಹಾಕಿ, ಆಸ್ಪತ್ರೆಗೆ ಹೋಗುವವರನ್ನೂ ತಡೆದರೆ ಪೊಲೀಸರು ಇನ್ನೇನು ಮಾಡಬೇಕು?’ ಎಂಬುದು ಒಂದು. ‘ಕಲ್ಲು ಹೊಡೆದವನು ಓಡಿಹೋದ, ನೋಡುತ್ತಾ ನಿಂತವನಿಗೆ ಏಟು ಬಿತ್ತು’ ಎಂಬುದು ಇನ್ನೊಂದು. ಎರಡರಲ್ಲೂ ನಿಜಾಂಶ ಇದ್ದೀತು. ಯಾವುದು ಎಷ್ಟು ನಿಜವೆಂದು ತೀರ್ಮಾನಿಸುವ ಏರ್ಪಾಡು ನಮ್ಮಲ್ಲಿ ಇದೆಯೇ ಎಂಬುದೇ ಈಗಿನ ಪ್ರಶ್ನೆ.

ಕಲ್ಲು ಹೊಡೆದವರ ಮೇಲೆ ಎಫ್‌ಐಆರ್ ಆಗುತ್ತದೆ. ಒಡೆದ ಗಾಜಿಗೆ ಬೆಲೆ ಕಟ್ಟುತ್ತಾರೆ. ಬೀಸಿದ ಲಾಠಿಗೆ ಮಾತ್ರ ಅಂಥ ಲೆಕ್ಕವಿಲ್ಲ. ಪೊಲೀಸರ ವಶದಲ್ಲಿ ಯಾರಾದರೂ ಸತ್ತರೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ. ಗುಂಡು ಹಾರಿ ಜೀವ ಹೋದರೂ ಹೊರಗಿನವರ ತನಿಖೆ ನಡೆಯಬೇಕು. ಆದರೆ ಕೈ ಮುರಿದರೆ, ಬೆನ್ನ ಮೇಲೆ ಬರೆ ಎದ್ದರೆ ತಾನಾಗಿಯೇ ಶುರುವಾಗುವ ಹೊರಗಿನ ವಿಚಾರಣೆ ಯಾವುದೂ ಇಲ್ಲ. ಪೊಲೀಸರ ಮೇಲಿನ ನಂಬಿಕೆ ಸವೆಯುವುದು ಹೆಚ್ಚಾಗಿ ಈ ಜಾಗದಲ್ಲೇ.

ಅನುಮತಿ ಕೊಡುವವರೇ ದೂರು ಕೇಳುವವರು

ಎತ್ತಿನ ಹಬ್ಬಕ್ಕೆ ಅನುಮತಿ ಕೊಡುವುದು ಜಿಲ್ಲಾಡಳಿತ, ಅಂದರೆ ಕಲೆಕ್ಟರ್ ಕಚೇರಿ. ಹಬ್ಬದ ದಿನ ಬಂದೋಬಸ್ತು ಮಾಡುವುದು ಜಿಲ್ಲಾ ಎಸ್.ಪಿ.ಯ ಕೈಕೆಳಗಿನ ಪೊಲೀಸರು. ಬಲ ಪ್ರಯೋಗ ಅತಿಯಾಯಿತೆಂದು ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು?

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದೇ ಇದಕ್ಕೆ ದಾರಿ ಹೇಳಿತ್ತು. ಪ್ರತಿ ರಾಜ್ಯದಲ್ಲಿ ಮತ್ತು ಪ್ರತಿ ಜಿಲ್ಲೆಯಲ್ಲಿ ಪೊಲೀಸ್ ದೂರು ಪ್ರಾಧಿಕಾರ ಇರಬೇಕು, ಅದಕ್ಕೆ ನಿವೃತ್ತ ನ್ಯಾಯಾಧೀಶರು ಮುಖ್ಯಸ್ಥರಾಗಬೇಕು ಎಂಬುದು ಆ ಆದೇಶ. ತಮಿಳುನಾಡು 2013ರಲ್ಲಿ ಪೊಲೀಸ್ ಸುಧಾರಣಾ ಕಾಯ್ದೆ ಮಾಡಿತು. ಪ್ರಾಧಿಕಾರದ ಹೆಸರು ಅದರಲ್ಲಿ ಬಂತು, ಆದರೆ ನ್ಯಾಯಾಧೀಶರ ಕುರ್ಚಿ ಬರಲಿಲ್ಲ. ಆ ಕಾಯ್ದೆ ಪ್ರಕಾರ ರಾಜ್ಯ ಮಟ್ಟದಲ್ಲಿ ಗೃಹ ಕಾರ್ಯದರ್ಶಿಯೇ ಅಧ್ಯಕ್ಷರು, ಜಿಲ್ಲೆಯಲ್ಲಿ ಕಲೆಕ್ಟರ್ ಅಧ್ಯಕ್ಷರು, ಜೊತೆಗೆ ಸದಸ್ಯರಾಗಿ ಪೊಲೀಸ್ ಅಧಿಕಾರಿಗಳು. ಗಡಿಯಾಚೆ ಕರ್ನಾಟಕದಲ್ಲಿ ರಾಜ್ಯ ಪ್ರಾಧಿಕಾರಕ್ಕಾದರೂ ನಿವೃತ್ತ ನ್ಯಾಯಾಧೀಶರನ್ನು ಕೂರಿಸುವ ಕಾನೂನಿದೆ.

ಗೋಪಸಂದ್ರದಂಥ ಘಟನೆಗೆ ಈ ಏರ್ಪಾಡನ್ನು ಹಚ್ಚಿ ನೋಡಿ. ಅನುಮತಿಯ ಕಡತ ಇರುವುದು ಯಾರ ಕಚೇರಿಯಲ್ಲೋ, ಲಾಠಿಯ ದೂರು ಹೋಗುವುದೂ ಅದೇ ಕಚೇರಿಗೆ. ಅಲ್ಲಿ ಕುಳಿತವರು ಎಷ್ಟೇ ಪ್ರಾಮಾಣಿಕರಾಗಿರಲಿ, ಏಟು ತಿಂದವನಿಗೆ ಅದು ‘ಅವರವರೇ ಮಾತಾಡಿಕೊಳ್ಳುವ’ ಜಾಗವಾಗಿ ಕಾಣುತ್ತದೆ. ಹಾಗೆ ಕಂಡ ಮೇಲೆ ದೂರು ಕೊಡಲು ಯಾರು ಹೋಗುತ್ತಾರೆ? ದೂರು ಬರಲಿಲ್ಲವೆಂದರೆ ಎಲ್ಲವೂ ಸರಿಯಿದೆ ಎಂದು ಕಾಗದ ಹೇಳುತ್ತದೆ, ಊರು ಬೇರೆಯೇ ಹೇಳುತ್ತದೆ.

ವಾಚಾತಿ ಕಲಿಸಿದ ಪಾಠ

ಇದು ಕೇವಲ ಅನುಮಾನದ ಮಾತಲ್ಲ. ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2004ರ ಫೆಬ್ರವರಿ 9ರಂದು. ಅದಕ್ಕೂ ಮುಂಚೆ ಹೊಸೂರು, ದೇಂಕಣಿಕೋಟೆ, ಹರೂರು ಎಲ್ಲವೂ ಒಂದೇ ಧರ್ಮಪುರಿ ಜಿಲ್ಲೆ. ಆ ಜಿಲ್ಲೆಯ ಹರೂರು ಸೀಮೆಯ ವಾಚಾತಿ ಎಂಬ ಮಲೆವಾಸಿಗಳ ಹಳ್ಳಿಗೆ 1992ರ ಜೂನ್ 20ರಂದು ಅರಣ್ಯ, ಪೊಲೀಸ್ ಮತ್ತು ಕಂದಾಯ ಇಲಾಖೆಯವರು ಒಟ್ಟಾಗಿ ನುಗ್ಗಿದರು. ಗಂಧದ ಮರದ ಕಳ್ಳಸಾಗಣೆ ಹುಡುಕುವುದು ಅವರು ಕೊಟ್ಟ ಕಾರಣ. ಮನೆಗಳು ಧ್ವಂಸವಾದವು, ಜನರನ್ನು ಬಡಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು.

ಸರ್ಕಾರ ಆಗ ಹೇಳಿದ್ದು ‘ಅಂಥದ್ದೇನೂ ನಡೆದಿಲ್ಲ’ ಎಂದು. ಬುಡಕಟ್ಟು ಸಂಘಟನೆಯವರು ಮತ್ತು ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದವರು ಬೆನ್ನು ಬಿಡದೆ ಕೋರ್ಟಿಗೆ ಹೋದ ಮೇಲೆ, 1995ರಲ್ಲಿ ಮದ್ರಾಸ್ ಹೈಕೋರ್ಟು ತನಿಖೆಯನ್ನು ಸಿಬಿಐಗೆ ಕೊಟ್ಟಿತು. ಆರೋಪಿಗಳು 269 ಮಂದಿ, ಎಲ್ಲರೂ ಸರ್ಕಾರಿ ನೌಕರರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ಸೆಷನ್ಸ್ ಕೋರ್ಟು ತೀರ್ಪು ಕೊಡುವ ಹೊತ್ತಿಗೆ ಅವರಲ್ಲಿ 54 ಮಂದಿ ತೀರಿಕೊಂಡಿದ್ದರು. ಬದುಕಿದ್ದ 215 ಮಂದಿಯೂ ತಪ್ಪಿತಸ್ಥರೆಂದು ಸಾಬೀತಾಯಿತು. ಅರಣ್ಯ ಇಲಾಖೆಯ 126, ಪೊಲೀಸ್ ಇಲಾಖೆಯ 84, ಕಂದಾಯದ 5 ಮಂದಿ.

ಸರಿಯಾಗಿ 12 ವರ್ಷಗಳ ನಂತರ, 2023ರ ಸೆಪ್ಟೆಂಬರ್ 29ರಂದು ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ಆ ತೀರ್ಪನ್ನು ಎತ್ತಿಹಿಡಿದರು. 18 ಸಂತ್ರಸ್ತೆಯರಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶವಾಯಿತು. ಅಂದಿನ ಕಲೆಕ್ಟರ್, ಎಸ್.ಪಿ. ಮತ್ತು ಜಿಲ್ಲಾ ಅರಣ್ಯಾಧಿಕಾರಿಯ ಮೇಲೂ ಕ್ರಮ ತೆಗೆದುಕೊಳ್ಳಬೇಕೆಂದು ಹೈಕೋರ್ಟು ಹೇಳಿತು.

ಜಿಲ್ಲೆಯ ಮೇಲಧಿಕಾರಿಗಳೇ ಜಿಲ್ಲೆಯ ಕೆಳಗಿನವರ ತಪ್ಪನ್ನು ಅಳೆಯುವ ಏರ್ಪಾಡು ಯಾಕೆ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ವಾಚಾತಿಗೆ ನ್ಯಾಯ ಸಿಕ್ಕಿದ್ದು ಜಿಲ್ಲೆಯ ಹೊರಗಿನಿಂದ ಬಂದ ಕಣ್ಣಿನಿಂದ. ಅದಕ್ಕೆ ಹಿಡಿದ ಕಾಲ 31 ವರ್ಷ.

ಕಾಡಂಚಿನ ಹಳೆಯ ಗಾಯ

ಅಂಚೆಟ್ಟಿ, ತಳಿ, ದೇಂಕಣಿಕೋಟೆ ಕಾಡಂಚಿನ ಕನ್ನಡ ಮಾತಿನ ಹಳ್ಳಿಗಳಿಗೂ ಮಲೆ ಮಹದೇಶ್ವರ ಬೆಟ್ಟದ ಹಳ್ಳಿಗಳಿಗೂ ನಡುವೆ ಇರುವುದು ಕಾವೇರಿ ಕಣಿವೆಯ ಕಾಡು ಮಾತ್ರ. ವೀರಪ್ಪನ್ ಬೇಟೆಯ ಕಾಲದಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಈ ಕಾಡಿನ ಎರಡೂ ಅಂಚಿನಲ್ಲಿ ಓಡಾಡಿದವು. ಜನರದ್ದು ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿ. ಅಕ್ಕಿ ಕೊಟ್ಟರೆ ಪೊಲೀಸರ ಭಯ, ಕೊಡದಿದ್ದರೆ ವೀರಪ್ಪನ್ ಭಯ. ಮಹದೇಶ್ವರ ಬೆಟ್ಟದ ವಿಚಾರಣಾ ಕೇಂದ್ರವೊಂದಕ್ಕೆ ಜನರ ಬಾಯಲ್ಲಿ ‘ವರ್ಕ್‌ಶಾಪ್’ ಎಂದೇ ಹೆಸರಾಯಿತು. ಅಲ್ಲಿ ರಿಪೇರಿಯಾಗುತ್ತಿದ್ದುದು ಗಾಡಿಗಳಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ವೀರಪ್ಪನ್ ಹಾವಳಿ ಸಣ್ಣದಾಗಿರಲಿಲ್ಲ, ಅವನ ಕೈಯಲ್ಲಿ ಅನೇಕ ಪೊಲೀಸರು, ಅರಣ್ಯ ಸಿಬ್ಬಂದಿ ಪ್ರಾಣ ಕಳೆದುಕೊಂಡರು ಎಂಬುದನ್ನು ಮರೆಯುವಂತಿಲ್ಲ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ಅವನ ಕತೆ ಮುಗಿಯಿತು. ಆದರೆ ಅವನ ಹೆಸರಿನಲ್ಲಿ ಹಿಡಿದ ಹಳ್ಳಿಗರ ಕತೆ ಮುಗಿಯಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿ ಹಳ್ಳಿಗರ ಹೇಳಿಕೆ ಕೇಳಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಟಾಡಾ ಕಾಯ್ದೆಯಡಿ ಮೈಸೂರಿನ ಕೋರ್ಟಿನಲ್ಲಿ ವಿಚಾರಣೆ ಎದುರಿಸಿದವರಲ್ಲಿ ಬಹುಪಾಲು ಮಂದಿ ವರ್ಷಗಟ್ಟಲೆ ಜೈಲಿನಲ್ಲಿದ್ದು ಕೊನೆಗೆ ಖುಲಾಸೆಯಾಗಿದ್ದರು.

ಈ ನೆನಪು ಇರುವ ಮನೆಯ ಹುಡುಗ ಇವತ್ತು ಖಾಕಿ ಕಂಡರೆ ಬೈಕು ತಿರುಗಿಸುತ್ತಾನೆ ಎಂದರೆ ಅವನು ಕಳ್ಳನೆಂದು ಅರ್ಥವಲ್ಲ. ಅವನು ತಾತನ ಮಾತು ಕೇಳಿ ಬೆಳೆದವನು.

ಕಾಗದ ಇಲ್ಲದ ಸಾವು, ಕಾಗದ ಇದ್ದ ಸಾವು

ಬಲಕ್ಕೆ ಲೆಕ್ಕ ಬರೆಯಬೇಕು ಎಂದಾಗ ‘ಈಗ ಎಲ್ಲಕ್ಕೂ ಕಾಗದ ಇದೆಯಲ್ಲ’ ಎನ್ನುವವರು ಇದ್ದಾರೆ. ತಮಿಳುನಾಡಿನ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಮಾತಿನ ಬೆಲೆ ತಿಳಿಯುತ್ತದೆ.

ಮೊದಲನೆಯದು ಶಿವಗಂಗೆ ಜಿಲ್ಲೆಯ ತಿರುಪ್ಪುವನಂ. 2025ರ ಜೂನ್ ಕೊನೆಯಲ್ಲಿ ಮಡಪುರಂ ದೇವಸ್ಥಾನದ ಯುವ ಕಾವಲುಗಾರನೊಬ್ಬನನ್ನು, ಭಕ್ತರೊಬ್ಬರ ಕಾರಿನಲ್ಲಿದ್ದ ಒಡವೆ ಕಾಣೆಯಾಯಿತೆಂದು ಪೊಲೀಸರ ವಿಶೇಷ ತಂಡ ಹಿಡಿಯಿತು. ಸರಿಯಾದ ಎಫ್‌ಐಆರ್ ಕೂಡ ಇಲ್ಲದೆ ವಿಚಾರಣೆ ನಡೆಯಿತು. ಜೂನ್ 28ರಂದು ಆತ ಸತ್ತ. ಶವಪರೀಕ್ಷೆಯಲ್ಲಿ 44 ಗಾಯಗಳು ಕಂಡವು. ಹೊಡೆಯುತ್ತಿದ್ದುದನ್ನು ಮರೆಯಲ್ಲಿ ನಿಂತು ಒಬ್ಬರು ಮೊಬೈಲಿನಲ್ಲಿ ಹಿಡಿದ ವಿಡಿಯೋ ಹೊರಬಂತು. ಐವರು ಪೊಲೀಸರ ಬಂಧನವಾಯಿತು, ತನಿಖೆ ಸಿಬಿಐಗೆ ಹೋಯಿತು. ಇಲ್ಲಿ ಕಾಗದವೇ ಇರಲಿಲ್ಲ. ಎಫ್‌ಐಆರ್ ಇಲ್ಲದೆ ಹಿಡಿದು ಹೊಡೆದದ್ದೇಕೆ ಎಂದು ಹೈಕೋರ್ಟಿನ ಮಧುರೈ ಪೀಠ ಕೇಳಿತು.

ಎರಡನೆಯದು ತೂತ್ತುಕುಡಿ ಜಿಲ್ಲೆಯ ಸಾತಾನ್‌ಕುಲಂ. 2020ರ ಜೂನ್ 19ರಂದು, ಕೊರೋನಾ ನಿರ್ಬಂಧದ ಹೊತ್ತು ಮೀರಿ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ ತಂದೆ-ಮಗ ಇಬ್ಬರನ್ನು ಠಾಣೆಗೆ ಒಯ್ದರು. ಇಲ್ಲಿ ಎಲ್ಲ ಕಾಗದವೂ ಇತ್ತು. ಎಫ್‌ಐಆರ್ ಇತ್ತು, ವೈದ್ಯರ ಸರ್ಟಿಫಿಕೇಟ್ ಇತ್ತು, ಮ್ಯಾಜಿಸ್ಟ್ರೇಟರ ರಿಮಾಂಡ್ ಆದೇಶ ಇತ್ತು. ಕೋವಿಲ್‌ಪಟ್ಟಿ ಸಬ್‌ಜೈಲಿಗೆ ಹೋದ ಇಬ್ಬರೂ ಜೂನ್ 22 ಮತ್ತು 23ರಂದು ಒಬ್ಬರ ಹಿಂದೊಬ್ಬರು ಸತ್ತರು. ಹೈಕೋರ್ಟಿನ ಸೂಚನೆಯಂತೆ ಠಾಣೆಗೆ ಹೋದ ಮ್ಯಾಜಿಸ್ಟ್ರೇಟ್ ಎಂ.ಎಸ್. ಭಾರತಿದಾಸನ್ ಅವರಿಗೆ ಕಂಡದ್ದು ಮತ್ತೂ ವಿಚಿತ್ರ. ಠಾಣೆಯಲ್ಲಿ ಸಿಸಿಟಿವಿ ಇತ್ತು, ದೊಡ್ಡ ಹಾರ್ಡ್ ಡಿಸ್ಕ್ ಇತ್ತು, ಆದರೆ ಚಿತ್ರಗಳು ದಿನದಿನವೂ ತಾವಾಗಿಯೇ ಅಳಿಸಿಹೋಗುವಂತೆ ಇಟ್ಟಿದ್ದರು! ಕೊನೆಗೆ ಆ ಠಾಣೆಯನ್ನೇ ಕಂದಾಯ ಇಲಾಖೆಯ ವಶಕ್ಕೆ ಕೊಡುವಂತೆ ಹೈಕೋರ್ಟು ಹೇಳಬೇಕಾಯಿತು. ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಧೈರ್ಯವಾಗಿ ಕಂಡದ್ದನ್ನು ಹೇಳಿದರು. ಸಿಬಿಐ 9 ಪೊಲೀಸರ ಮೇಲೆ ಆರೋಪಪಟ್ಟಿ ಸಲ್ಲಿಸಿತು.

ಮೊದಲನೆಯ ಪ್ರಕರಣದಲ್ಲಿ ಕಾಗದ ಇಲ್ಲದ್ದರಿಂದ ಜೀವ ಹೋಯಿತು. ಎರಡನೆಯದರಲ್ಲಿ ಕಾಗದವನ್ನು ಯಾರೂ ಕಣ್ಣು ತೆರೆದು ಓದದ್ದರಿಂದ ಜೀವ ಹೋಯಿತು. ವೈದ್ಯರು ಬಟ್ಟೆಯ ಮೇಲಿನ ರಕ್ತ ನೋಡಿ ಕಾರಣ ಕೇಳಿದ್ದರೆ, ಮ್ಯಾಜಿಸ್ಟ್ರೇಟರು ಇಬ್ಬರನ್ನೂ ಹತ್ತಿರ ಕರೆದು ಮಾತಾಡಿಸಿದ್ದರೆ ಆ ಇಬ್ಬರು ಬದುಕುತ್ತಿದ್ದರೋ ಏನೋ. ಆದ್ದರಿಂದ ಲೆಕ್ಕ ಎಂದರೆ ಬರೀ ರಿಜಿಸ್ಟರ್ ತುಂಬುವುದಲ್ಲ. ಠಾಣೆಯ ಹೊರಗಿನ ಒಬ್ಬರು ಅದನ್ನು ನೋಡಿ, ಪ್ರಶ್ನೆ ಕೇಳುವಂತಿರಬೇಕು.

‘ಕಾವಲ್ ತುರೈ ಉಂಗಳ್ ನಂಬನ್’, ಅಂದರೆ ಪೊಲೀಸ್ ನಿಮ್ಮ ಗೆಳೆಯ ಎಂಬ ಘೋಷಣೆ ತಮಿಳುನಾಡಿನವರಿಗೆಲ್ಲ ಗೊತ್ತು. 1993ರಲ್ಲಿ ರಾಮನಾಥಪುರದಲ್ಲಿ ಶುರುವಾದ ‘ಫ್ರೆಂಡ್ಸ್ ಆಫ್ ಪೊಲೀಸ್’ ಯೋಜನೆ ಜನರನ್ನೇ ಠಾಣೆಯ ಕೆಲಸಕ್ಕೆ ಜೊತೆ ಮಾಡಿಕೊಂಡಿತ್ತು. ಸಾತಾನ್‌ಕುಲಂ ನಂತರ, 2020ರ ಜುಲೈಯಲ್ಲಿ ಸರ್ಕಾರವೇ ಅದನ್ನು ನಿಷೇಧಿಸಿತು. ಕರ್ನಾಟಕದಲ್ಲೂ ‘ಜನಸ್ನೇಹಿ ಪೊಲೀಸ್’ ಎಂಬ ಬೋರ್ಡು ಕಂಡವರಿದ್ದಾರೆ, 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವೂ ಬಂತು. ಗೆಳೆತನ ಒಳ್ಳೆಯದೇ. ಆದರೆ ಜನ ಪೊಲೀಸರಿಂದ ಮೊದಲು ಬಯಸುವುದು ಟೀ ಕುಡಿಸುವ ಗೆಳೆತನವನ್ನಲ್ಲ, ಕೇಳಿದರೆ ಉತ್ತರ ಸಿಗುತ್ತದೆ ಎಂಬ ಭರವಸೆಯನ್ನು.

ಗಡಿ ದಾಟಿ ಬರುವ ಜೀಪು

ಒಳನಾಡಿನ ಹಳ್ಳಿಗೆ ಇರುವ ತೊಂದರೆಗಳೆಲ್ಲ ಗಡಿ ಹಳ್ಳಿಗೂ ಇವೆ. ಅದರ ಮೇಲೆ ಇನ್ನೆರಡು ಹೆಚ್ಚು. ಒಂದು, ಬೇರೆ ರಾಜ್ಯದ ಪೊಲೀಸರು. ಎರಡು, ಭಾಷೆ.

ಬಾಗಲೂರು, ಬೇರಿಕೆ, ತಳಿ ಕಡೆಯ ಜನರ ಕೂಲಿ, ವ್ಯಾಪಾರ, ನೆಂಟಸ್ತಿಕೆ ಎಲ್ಲ ಆನೇಕಲ್, ಅತ್ತಿಬೆಲೆ, ಮಾಲೂರು ಕಡೆಗೂ ಇದೆ. ಕರ್ನಾಟಕದ ಮದ್ಯದ ಪ್ಯಾಕೆಟ್, ತಮಿಳುನಾಡಿನಲ್ಲಿ ನಿಷೇಧವಿರುವ ಗುಟ್ಕಾ ಮುಂತಾದವುಗಳ ತಪಾಸಣೆ ಜೂಜುವಾಡಿಯಲ್ಲೂ ಹಳ್ಳಿ ದಾರಿಗಳಲ್ಲೂ ನಡೆಯುತ್ತದೆ. ಕೇಸು ಅಲ್ಲಿ, ಮನೆ ಇಲ್ಲಿ. ರಾತ್ರಿ ಹೊತ್ತು ಪಕ್ಕದ ರಾಜ್ಯದ ಜೀಪು ಬಂದು ಒಬ್ಬನನ್ನು ಕರೆದುಕೊಂಡು ಹೋದರೆ ಮನೆಯವರು ಮೊದಲು ಓಡುವುದು ಸ್ಥಳೀಯ ಠಾಣೆಗೆ. ‘ನಮಗೆ ಗೊತ್ತಿಲ್ಲ’ ಎಂಬ ಉತ್ತರ ಬಂದರೆ ಮುಂದೆ ಎಲ್ಲಿಗೆ ಹೋಗುವುದೆಂದು ಅವರಿಗೆ ತೋಚುವುದಿಲ್ಲ.

2023ರ ಜೂನ್‌ನಲ್ಲಿ ಕೃಷ್ಣಗಿರಿ ಜಿಲ್ಲೆಯ ಪುಳಿಯಾಂಡಪಟ್ಟಿಯಲ್ಲಿ ಆದದ್ದು ಇಂಥದ್ದೇ. ಕಳ್ಳತನದ ಕೇಸಿನ ಹೆಸರಿನಲ್ಲಿ ಆಂಧ್ರದ ಚಿತ್ತೂರು ಪೊಲೀಸರು ಅಲ್ಲಿನ ಕುರವರ್ ಸಮುದಾಯದ ಗಂಡಸರು, ಹೆಂಗಸರನ್ನು ಹಿಡಿದು ಒಯ್ದರು. ವಶದಲ್ಲಿ ಚಿತ್ರಹಿಂಸೆ ಕೊಟ್ಟರು, ಹೆಂಗಸರೊಡನೆ ಹೀನವಾಗಿ ನಡೆದುಕೊಂಡರು ಎಂಬ ಆರೋಪ ಎದ್ದಿತು. ಚಿತ್ತೂರು ಪೊಲೀಸರು ಅದನ್ನು ನಿರಾಕರಿಸಿದರು. ಪಕ್ಷಗಳು, ಸಂಘಟನೆಗಳು ಬೀದಿಗಿಳಿದ ಮೇಲಷ್ಟೇ ವಿಚಾರ ಹೊರಗೆ ಗೊತ್ತಾಯಿತು.

ಬೇರೆ ರಾಜ್ಯದ ಪೊಲೀಸರಿಗೆ ಬಂದು ಹಿಡಿಯುವ ಅಧಿಕಾರ ಇಲ್ಲವೆಂದಲ್ಲ. ಆದರೆ ಕ್ರಮ ಇದೆ. ಸ್ಥಳೀಯ ಠಾಣೆಗೆ ತಿಳಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ದೂರದ ಕೋರ್ಟಿಗೆ ಒಯ್ಯುವುದಾದರೆ ಹತ್ತಿರದ ಮ್ಯಾಜಿಸ್ಟ್ರೇಟರಿಂದ ಟ್ರಾನ್ಸಿಟ್ ರಿಮಾಂಡ್ ಪಡೆಯುವುದು ರೂಢಿ. ಈ ಕ್ರಮ ತಪ್ಪಿದಾಗಲೇ ‘ಹಿಡಿದುಕೊಂಡು ಹೋದರು’ ಎಂಬುದಕ್ಕೂ ‘ಎತ್ತಿಕೊಂಡು ಹೋದರು’ ಎಂಬುದಕ್ಕೂ ವ್ಯತ್ಯಾಸ ಅಳಿಯುವುದು.

ಇನ್ನು ಭಾಷೆಯ ಮಾತು. ಹೊಸೂರು ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತು. ಸಂತೆಯಲ್ಲಿ ಮೂರೂ ನಡೆಯುತ್ತದೆ, ಠಾಣೆಯ ಕಡತದಲ್ಲಿ ನಡೆಯುವುದು ತಮಿಳು. ಮಾತಾಡಲು ತಮಿಳು ಬಂದರೂ ಓದಲು ಬಾರದವರು ಕನ್ನಡ ಶಾಲೆಯಲ್ಲಿ ಓದಿದವರಲ್ಲಿ ಇದ್ದಾರೆ. ‘ಇಲ್ಲಿ ಸೈನ್ ಮಾಡು’ ಎಂದರೆ ಮಾಡುತ್ತಾರೆ. ಏನಕ್ಕೆ ಮಾಡಿದೆವೆಂದು ತಿಳಿಯುವುದು ವಕೀಲರು ಓದಿ ಹೇಳಿದಾಗ. ಗಡಿಯಾಚೆ ಸಿಕ್ಕಿಬಿದ್ದ ತಮಿಳು ಮಾತ್ರ ಓದಬಲ್ಲವನಿಗೆ ಕನ್ನಡದ ಕಾಗದವೂ ಹಾಗೆಯೇ.

ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ, ಅದು ಗಡಿ ಹಳ್ಳಿಗಳಿಗೆ ಸರಿಯಾಗಿ ಮುಟ್ಟಬೇಕು. 2025ರ ನವೆಂಬರ್ 6ರಂದು, ಮುಂಬೈನ ಕಾರು ಅಪಘಾತ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಮಹತ್ವದ ತೀರ್ಪು ಕೊಟ್ಟಿತು. ಬಂಧನದ ಕಾರಣವನ್ನು ಬರವಣಿಗೆಯಲ್ಲಿ, ಅದೂ ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ತಕ್ಷಣ ಬರೆದು ಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುವ ಕನಿಷ್ಠ 2 ಗಂಟೆ ಮುಂಚೆಯಾದರೂ ಬರಹದಲ್ಲಿ ಕೊಡಬೇಕು. ಇಲ್ಲದಿದ್ದರೆ ಬಂಧನವೇ ಕಾನೂನುಬಾಹಿರವಾಗುತ್ತದೆ. ಯಾವ ರಾಜ್ಯದ ಯಾವ ಕಾನೂನಿನಡಿ ಬಂಧಿಸಿದರೂ ಇದೇ ನಿಯಮ. ಕನ್ನಡ ಮಾತ್ರ ಓದಬಲ್ಲ ತಳಿಯ ರೈತನಿಗೂ, ತಮಿಳು ಮಾತ್ರ ಓದಬಲ್ಲ ಅತ್ತಿಬೆಲೆಯ ಕಾರ್ಮಿಕನಿಗೂ ಇದು ಒಂದೇ.

ಗುಂಡಿಗೆ ಬೀಳುವ ಚಪ್ಪಾಳೆ

ಜನರ ಮನಸ್ಸಿನ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಲಾಠಿ ತಮ್ಮ ಬೆನ್ನಿಗೆ ಬಿದ್ದಾಗ ನೊಂದುಕೊಳ್ಳುವ ಜನವೇ, ಗುಂಡು ಇನ್ನೊಬ್ಬನ ಕಾಲಿಗೆ ಬಿದ್ದಾಗ ಚಪ್ಪಾಳೆ ತಟ್ಟುತ್ತಾರೆ.

2025ರ ಫೆಬ್ರವರಿಯಲ್ಲಿ ಕೃಷ್ಣಗಿರಿಯ ಬೆಟ್ಟಕ್ಕೆ ಹೋಗಿದ್ದ ಮಹಿಳೆಯೊಬ್ಬರ ಮೇಲೆ ಗುಂಪೊಂದು ದೌರ್ಜನ್ಯ ಎಸಗಿ ದೋಚಿತು. ಆರೋಪಿಗಳನ್ನು ಹಿಡಿಯುವಾಗ ಅವರು ಚಾಕುವಿನಿಂದ ಎರಗಿದರೆಂದು ಹೇಳಿ ಪೊಲೀಸರು ಒಬ್ಬನ ಕಾಲಿಗೆ ಗುಂಡು ಹಾರಿಸಿದರು. ಅದೇ ವರ್ಷ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಪುಟ್ಟ ಬಾಲಕಿಯ ಕೊಲೆ ಆರೋಪಿ ಪೊಲೀಸರ ಗುಂಡಿಗೆ ಸತ್ತ. ಅಪರಾಧಗಳ ಭೀಕರತೆ ಕಂಡು ಜನರ ರಕ್ತ ಕುದಿಯುವುದು ಸಹಜ. ಕೋರ್ಟು ಕಚೇರಿ ಎಂದರೆ ವರ್ಷಗಟ್ಟಲೆ ಎಂಬ ಬೇಸರವೂ ಸುಳ್ಳಲ್ಲ. ವಾಚಾತಿಯೇ 31 ವರ್ಷ ಕಾದಿಲ್ಲವೇ?

ಆದರೆ ಆ ಚಪ್ಪಾಳೆ ಪೊಲೀಸರ ಮೇಲಿನ ನಂಬಿಕೆ ಅಲ್ಲ, ಕೋರ್ಟಿನ ಮೇಲಿನ ಅಪನಂಬಿಕೆ. ಗುಂಡು ಹಾರಿದ ಪ್ರತಿ ಸಾವಿನಲ್ಲೂ ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು, ತಕ್ಷಣಕ್ಕೆ ಬಹುಮಾನ ಬಡ್ತಿ ಕೊಡಬಾರದು ಎಂದು 2014ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹಿಡಿದವನು ನಿಜವಾದ ಅಪರಾಧಿಯೇ ಎಂದು ಪರೀಕ್ಷೆ ಮಾಡುವ ದಾರಿ ಅದು. ತಿರುಪ್ಪುವನಂನ ಕಾವಲುಗಾರನನ್ನೂ ಮೊದಲು ಕಳ್ಳ ಎಂದೇ ಕರೆದಿದ್ದರು. ಇನ್ನೊಬ್ಬನಿಗೆ ಲೆಕ್ಕವಿಲ್ಲದ ಬಲ ಬೇಕು ಎನ್ನುವವನು ನಾಳೆ ತನ್ನ ಮಗನಿಗೆ ಲೆಕ್ಕ ಕೇಳುವುದು ಕಷ್ಟ.

ಪೊಲೀಸರ ಕಡೆಯ ಮಾತು

ಪೊಲೀಸರಿಲ್ಲದೆ ಗಡಿ ಹಳ್ಳಿಗೆ ಒಂದು ದಿನವೂ ನಡೆಯುವುದಿಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಉರಿದವು, ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಬಲಿಯಾದ. ಬಸ್ಸು ನಿಂತ ಆ ದಿನಗಳಲ್ಲಿ ಜನ ಬ್ಯಾಗು ಹೊತ್ತು, ಮಕ್ಕಳ ಕೈ ಹಿಡಿದು ಅತ್ತಿಬೆಲೆ-ಜೂಜುವಾಡಿ ನಡುವೆ ನಡೆದೇ ಗಡಿ ದಾಟಿದರು. ಎರಡೂ ಬದಿಯಲ್ಲಿ ಖಾಕಿ ನಿಂತಿದೆ ಎಂಬ ಧೈರ್ಯದಿಂದಲೇ ನಡೆದರು.

ಕಾನ್‌ಸ್ಟೆಬಲ್‌ಗಳ ಕಷ್ಟವೂ ಸಣ್ಣದಲ್ಲ. ವಾರಕ್ಕೊಂದು ರಜೆ ಕೊಡಬೇಕೆಂಬ ಆದೇಶ ತಮಿಳುನಾಡಿನಲ್ಲಿ ಬಂದದ್ದೇ 2021ರಲ್ಲಿ. ಹಬ್ಬ, ಮೆರವಣಿಗೆ, ಚುನಾವಣೆ, ಮಂತ್ರಿ ಬಂದರೆ ಬಂದೋಬಸ್ತು. ಜೊತೆಗೆ ‘ಎರಡು ದಿನದಲ್ಲಿ ಕಳ್ಳನನ್ನು ಹಿಡಿ’ ಎಂಬ ಮೇಲಿನವರ ಒತ್ತಡ. ತನಿಖೆಗೆ ಸಮಯ, ತರಬೇತಿ, ಸಲಕರಣೆ ಇಲ್ಲದ ಕಡೆ ಏಟು ಅಡ್ಡದಾರಿಯಾಗುತ್ತದೆ. ಲೆಕ್ಕ ಬರೆಯುವ ಪದ್ಧತಿ ಒಳ್ಳೆಯ ಪೊಲೀಸನಿಗೂ ರಕ್ಷಣೆಯೇ. ಗೋಪಸಂದ್ರದಂಥ ಗಲಾಟೆಯಲ್ಲಿ ಯಾರು ಎಚ್ಚರಿಕೆ ಕೊಟ್ಟರು, ಎಷ್ಟು ಹೊತ್ತಿಗೆ ಕೊಟ್ಟರು, ಯಾವ ಅಧಿಕಾರಿ ಲಾಠಿಗೆ ಆದೇಶ ಕೊಟ್ಟರು ಎಂಬುದು ಬರಹದಲ್ಲಿ, ವಿಡಿಯೋದಲ್ಲಿ ಇದ್ದರೆ ಸುಳ್ಳು ಆರೋಪ ನಿಲ್ಲುವುದಿಲ್ಲ.

ಲೆಕ್ಕ ಸಿಗದ ಕಡೆ ಜನ ತಾವೇ ಲೆಕ್ಕ ಚುಕ್ತಾ ಮಾಡಲು ಹೊರಡುತ್ತಾರೆ. 2024ರ ಮೇ 24ರಂದು ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ, ಪೊಲೀಸರ ವಶದಲ್ಲಿದ್ದವನೊಬ್ಬ ಸತ್ತನೆಂಬ ಸುದ್ದಿ ಹಬ್ಬಿ ಗುಂಪು ಠಾಣೆಗೇ ನುಗ್ಗಿತು, ಪೊಲೀಸರು ಗಾಯಗೊಂಡರು. ಸಾವಿನ ನಿಜ ಕಾರಣ ತಿಳಿಯುವವರೆಗೆ ಕಾಯುವಷ್ಟು ನಂಬಿಕೆ ಆ ಗುಂಪಿಗೆ ಇರಲಿಲ್ಲ.

ಊರಿನವರು ಮಾಡಬಹುದಾದದ್ದು

ದೊಡ್ಡ ಬದಲಾವಣೆ ಆಗಬೇಕಾದದ್ದು ಚೆನ್ನೈ, ದೆಹಲಿಯಲ್ಲಿ. ಜಿಲ್ಲಾ ದೂರು ಪ್ರಾಧಿಕಾರದ ಕುರ್ಚಿಯಲ್ಲಿ ಕಲೆಕ್ಟರ್ ಬದಲು ನಿವೃತ್ತ ನ್ಯಾಯಾಧೀಶರು ಕೂರಬೇಕು. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದರೂ ಅದನ್ನು ಅಂಗೀಕರಿಸಿ ಪ್ರತ್ಯೇಕ ಕಾನೂನು ಮಾಡಿಲ್ಲ, ಅದೂ ಆಗಬೇಕು. ಅಲ್ಲಿಯವರೆಗೆ ಹಳ್ಳಿಯ ಕೈಯಲ್ಲಿರುವುದೂ ಕಡಿಮೆಯೇನಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸುಪ್ರೀಂ ಕೋರ್ಟಿನ ತೀರ್ಪುಗಳ ಪ್ರಕಾರ ಈ ಕೆಲವನ್ನು ನೆನಪಿಟ್ಟುಕೊಳ್ಳಬಹುದು.

* ಬಂಧಿಸಲು ಬಂದ ಪೊಲೀಸರ ಹೆಸರಿನ ಪಟ್ಟಿ ಕಾಣುವಂತಿರಬೇಕು. ಬಂಧನದ ಮೆಮೋ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು. ಊರ ಹಿರಿಯರು, ಪಂಚಾಯತಿ ಸದಸ್ಯರು ‘ನಮಗ್ಯಾಕೆ’ ಎನ್ನದೆ ಹೋಗಿ ನಿಲ್ಲಬೇಕಾದ ಜಾಗ ಇದು. ಸಹಿಗೆ ಮುಂಚೆ ಹೊತ್ತು, ತಾರೀಕು ಸರಿಯಾಗಿದೆಯೇ ನೋಡಬೇಕು.

* ಬಂಧನದ ಕಾರಣವನ್ನು ತಿಳಿಯುವ ಭಾಷೆಯಲ್ಲಿ ಬರೆದು ಕೊಡಿ ಎಂದು ಕೇಳಬಹುದು. ಕೊಡದಿದ್ದರೆ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕು.

* ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಪೊಲೀಸ್ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದೇ ಬರಬೇಕು.

* ಬಂಧಿತನ ವೈದ್ಯಕೀಯ ಪರೀಕ್ಷೆ ಆಗಬೇಕು. ಏಟು ಬಿದ್ದಿದ್ದರೆ ವೈದ್ಯರಿಗೂ ಮ್ಯಾಜಿಸ್ಟ್ರೇಟರಿಗೂ ಅಲ್ಲೇ ತೋರಿಸಬೇಕು. ಆಮೇಲೆ ಹೇಳಿದರೆ ಗಾಯ ಮಾಗಿರುತ್ತದೆ.

* ದೂರು ಕೊಡಲು ಹೋದಾಗ ‘ಅದು ಆ ರಾಜ್ಯದ ಏರಿಯಾ’ ಎಂದು ಕಳಿಸುವಂತಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಗಂಭೀರ ಪ್ರಕರಣದ ಮಾಹಿತಿಯನ್ನು ಯಾವ ಠಾಣೆಯೂ ಬರೆದುಕೊಳ್ಳಬೇಕು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ.

* ಠಾಣೆಯ ಸಿಸಿಟಿವಿ ಚಿತ್ರವನ್ನು 18 ತಿಂಗಳು ಇಡಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್ 2ರಂದು ಹೇಳಿದೆ. ಏಟಿನ ದೂರಿನಲ್ಲಿ ದಿನ, ಹೊತ್ತು ಬರೆದು ಆ ಚಿತ್ರ ಉಳಿಸಿಡುವಂತೆ ತಕ್ಷಣ ಬರವಣಿಗೆಯಲ್ಲಿ ಕೇಳಬೇಕು.

* ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರವನ್ನು 15100 ಸಂಖ್ಯೆಯಲ್ಲಿ ಕೇಳಬಹುದು.

ಇದರ ಜೊತೆಗೆ ಊರು ತನ್ನ ಕಡೆಯ ಲೆಕ್ಕವನ್ನೂ ಒಪ್ಪಿಸಬೇಕು. ಎತ್ತಿನ ಹಬ್ಬಕ್ಕೆ ಅರ್ಜಿ ಕೊಡುವವರು ಹೊಣೆ ಹೊರುವವರ ಹೆಸರನ್ನೂ ಕೊಡಲಿ. ಅನುಮತಿ ಸಿಗದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಲಿ. ಹೆದ್ದಾರಿಯಲ್ಲಿ ನಿಂತ ಬಸ್ಸಿನೊಳಗಿದ್ದವರೂ ಇದೇ ಸೀಮೆಯ ಮಕ್ಕಳು. ಕಲ್ಲು ಹಿಡಿದ ಕೈ ಲಾಠಿಗೆ ಕಾರಣ ಒದಗಿಸುತ್ತದೆ. ಆ ಕಾರಣದ ಮರೆಯಲ್ಲಿ ಅಮಾಯಕನ ಏಟೂ ಮುಚ್ಚಿಹೋಗುತ್ತದೆ.

ಹಬ್ಬ ಪ್ರತಿ ವರ್ಷ ಬರುತ್ತದೆ, ಬಂದೋಬಸ್ತೂ ಬರುತ್ತದೆ. ಮುಂದಿನ ಬಾರಿ ಅನುಮತಿಯ ಉತ್ತರ ಹಬ್ಬದ ಬೆಳಿಗ್ಗೆಯ ಬದಲು ವಾರದ ಮುಂಚೆ, ಊರಿನವರು ಓದಬಲ್ಲ ಭಾಷೆಯಲ್ಲಿ ಪಂಚಾಯತಿ ಬೋರ್ಡಿನ ಮೇಲೆ ಅಂಟಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧ ಮುಗಿಯಬೇಕಾದರೆ, ಬಿದ್ದ ಏಟಿಗೂ ಹಾರಿದ ಕಲ್ಲಿಗೂ ಒಂದೇ ಪುಸ್ತಕದಲ್ಲಿ ಲೆಕ್ಕ ಬರೆಯುವ, ಜಿಲ್ಲಾಡಳಿತದ ಹೊರಗಿನ ಒಬ್ಬರು ಬೇಕು.